ಮಗನ ಸ್ಕೂಲ್ ಗಿಫ್ಟೆಡ್ ಕ್ಲಾಸ್ ವಿಷಯ, ಇದು ಸ್ಟ್ರಕ್ಚರಲ್ ರೇಸಿಸಂ ಅಂತ ಮೀಟಿಂಗಲ್ಲಿ ಹೇಗೆ ಎತ್ತೋದು?

ತುಂಗಾತೀರ:

ಎಲ್ರಿಗೂ ನಮಸ್ಕಾರ. ಅಮೆರಿಕದಲ್ಲಿ ಮಕ್ಕಳನ್ನ ಪಬ್ಲಿಕ್ ಸ್ಕೂಲಿಗೆ ಕಳಿಸ್ತಿರೋ ಕನ್ನಡದವರು ಇಲ್ಲಿ ತುಂಬಾ ಜನ ಇದೀರ ಅಂತ ಕೇಳ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ಗಿಫ್ಟೆಡ್ ಕ್ಲಾಸ್ ಅಂದ್ರೆ ತುಂಬಾ ಚುರುಕು ಅಂತ ಟೆಸ್ಟ್ ಮಾಡಿ ಆರಿಸಿದ ಮಕ್ಕಳಿಗೆ ಇರೋ ಬೇರೆ ಕ್ಲಾಸ್, ಸ್ಟ್ರಕ್ಚರಲ್ ರೇಸಿಸಂ ಅಂದ್ರೆ ಯಾರ ಮನಸ್ಸಲ್ಲೂ ದ್ವೇಷ ಇಲ್ದಿದ್ರೂ ವ್ಯವಸ್ಥೆ ನಡೆಯೋ ರೀತಿಯಿಂದ್ಲೇ ಆಗೋ ಜನಾಂಗ ಭೇದ.

ನಾವು ಈ ದೇಶಕ್ಕೆ ಬಂದು 14 ವರ್ಷ ಆಯ್ತು. ಮಗ ಥರ್ಡ್ ಗ್ರೇಡ್. ಹೋದ ವರ್ಷ ಒಂದಿನ ಬೆಳಿಗ್ಗೆ ಸ್ಕೂಲ್ ಆಫೀಸಿಗೆ ಬಸ್ ಫಾರ್ಮ್ ಕೊಡೋಕೆ ಹೋಗಿದ್ದೆ. ನನ್ನ ಮುಂದೆ ಒಬ್ರು ಬ್ಲ್ಯಾಕ್ ತಾಯಿ ನಿಂತಿದ್ರು, ಆಸ್ಪತ್ರೆ ಯೂನಿಫಾರ್ಮಲ್ಲೇ ಇದ್ರು, ನೈಟ್ ಶಿಫ್ಟ್ ಮುಗಿಸ್ಕೊಂಡು ನೇರ ಬಂದಿದಾರೆ ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಅವರು ಕೌಂಟರಲ್ಲಿ ಕೇಳಿದ್ದು, ನನ್ನ ಮಗಳಿಗೆ ಗಿಫ್ಟೆಡ್ ಟೆಸ್ಟ್ ಕೊಡಿಸ್ಬೇಕಿತ್ತು, ಏನು ಮಾಡ್ಬೇಕು ಅಂತ. ಕೌಂಟರಲ್ಲಿದ್ದ ಮೇಡಂ ನಗ್ತಾನೇ ಹೇಳಿದ್ರು, ಅದು ಟೀಚರ್ ರೆಕಮೆಂಡ್ ಮಾಡೋದು, ಅವರಿಗೆ ಅನ್ಸಿದ್ರೆ ಅವರೇ ನಿಮಗೆ ತಿಳಿಸ್ತಾರೆ. ಆ ತಾಯಿ ಥ್ಯಾಂಕ್ಸ್ ಹೇಳಿ ಹೊರಟ್ರು. ನನ್ನ ಸರದಿ ಬಂತು, ಬಸ್ ಫಾರ್ಮ್ ಕೊಟ್ಟೆ, ಅದೇ ಮೇಡಂ ನನ್ನ ಕೇಳಿದ್ರು, ನಿಮ್ಮ ಮಗನಿಗೆ ಗಿಫ್ಟೆಡ್ ಟೆಸ್ಟ್‌ಗೆ ಹಾಕಿದೀರಾ, ಶುಕ್ರವಾರ ಕೊನೇ ದಿನ, ಪೇರೆಂಟ್ಸೇ ರಿಕ್ವೆಸ್ಟ್ ಮಾಡ್ಬಹುದು ಅಂತ. ಅಂದವರೇ ಡ್ರಾಯರ್ ಎಳೆದು ಒಂದು ನೀಲಿ ಹಾಳೆ ತೆಗೆದು ಕೊಟ್ರು. ನಾನು ಕೇಳಿರ್ಲೇ ಇಲ್ಲ!

ತಗೊಂಡು ಕಾರ್ ಹತ್ರ ಬಂದ ಮೇಲೆ ನನಗೆ ಹೊಳೀತು ಏನಾಯ್ತು ಅಂತ. ಅಷ್ಟೊತ್ತಿಗೆ ಆ ತಾಯಿ ಹೋಗಿಯಾಗಿತ್ತು. ನಾನು ಫಾರ್ಮ್ ತುಂಬಿದೆ, ಮಗ ಟೆಸ್ಟ್ ಬರೆದ, ಸೆಲೆಕ್ಟ್ ಆದ. ಈಗ ಆ ಕ್ಲಾಸಿನ ಫೋಟೋ ಬಂದಿದೆ, ಇಪ್ಪತ್ತು ಚಿಲ್ಲರೆ ಮಕ್ಕಳಲ್ಲಿ ಅರ್ಧ ನಮ್ಮವರು ಮತ್ತೆ ಚೈನೀಸ್ ಮಕ್ಕಳು, ಉಳಿದವರಲ್ಲಿ ಒಬ್ಳು ಬಿಟ್ಟು ಎಲ್ಲಾ ವೈಟ್. ಒಬ್ಳೇ ಒಬ್ಳು ಬ್ಲ್ಯಾಕ್ ಹುಡುಗಿ. ಸಾಯಂಕಾಲ ಬಸ್ ಲೈನಲ್ಲಿ ನಿಂತು ನೋಡಿದ್ರೆ ಸ್ಕೂಲಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಬ್ಲ್ಯಾಕ್ ಮತ್ತೆ ಲ್ಯಾಟಿನೋ.

ಇನ್ನೊಂದು ಹೇಳ್ಲೇಬೇಕು, ಆ ಕೌಂಟರ್ ಮೇಡಂ ಕೆಟ್ಟವರಲ್ಲ. ನನ್ನ ಮಗನಿಗೆ ಸ್ಕೂಲಲ್ಲಿ ಜ್ವರ ಬಂದಾಗ ತಮ್ಮ ಸ್ವೆಟರ್ ಹೊದಿಸಿ ನಾನು ಬರೋವರೆಗೂ ಪಕ್ಕದಲ್ಲೇ ಕೂತಿದ್ರು. ಅದಕ್ಕೇ ನನಗೆ ಗೊಂದಲ. ಈ ವರ್ಷ ಪಿಟಿಎ (ಪೇರೆಂಟ್ಸ್-ಟೀಚರ್ಸ್ ಸಂಘ) ಕಮಿಟೀಲಿ ಇದೀನಿ, ಮುಂದಿನ ಮೀಟಿಂಗಲ್ಲಿ ಈ ವಿಷಯ ಎತ್ಬೇಕು ಅಂತಿದೀನಿ. ರೇಸಿಸಂ ಅಂದ ತಕ್ಷಣ ಎಲ್ರೂ ಮುಖ ಗಂಟು ಹಾಕ್ಕೊಂಡು ಆ ಮೇಡಂನ ಕಾಪಾಡೋಕೆ ನಿಂತ್ಬಿಟ್ರೆ ಅಸಲು ವಿಷಯ ಅಲ್ಲೇ ಸತ್ತೋಗುತ್ತೆ. ನಮ್ಮ ಕನ್ನಡ ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ದಕ್ಕೆ ಬಂದ ಉತ್ತರ, ಸುಮ್ನಿರಿ, ಕೈ ಹಾಕಿದ್ರೆ ನಮ್ಮ ಮಕ್ಕಳ ಸೀಟಿಗೇ ಕುತ್ತು. ಯಾರಾದ್ರೂ ಈ ಥರ ವಿಷಯ ಎತ್ತಿದೀರಾ? ಎಲ್ಲಿಂದ ಶುರು ಮಾಡಿದ್ರಿ?

ರಸ್ತೆ ಇಲಾಖೆಯವನು:

ಮೇಡಂ, ನಾನು ಒಂದು ಕೌಂಟಿ ಆಫೀಸಲ್ಲಿ ರಸ್ತೆ, ಫುಟ್‌ಪಾತ್ ಸೆಕ್ಷನಲ್ಲಿ 11 ವರ್ಷದಿಂದ ಇದೀನಿ. ನಿಮ್ಮ ನೀಲಿ ಹಾಳೆ ವಿಷಯ ಓದಿ ನಮ್ಮ ಆಫೀಸೇ ಕಣ್ಮುಂದೆ ಬಂತು.

ನಮ್ಮಲ್ಲಿ ಫುಟ್‌ಪಾತ್ ರಿಪೇರಿ ಮೊದಲು ನಡೀತಿದ್ದಿದ್ದು ಕಂಪ್ಲೇಂಟ್ ಲಿಸ್ಟ್ ಮೇಲೆ, ಯಾರು ಫೋನ್ ಮಾಡಿದ್ರೋ ಅವರ ಬೀದಿ ಮೊದಲು. ಕೇಳೋಕೆ ನ್ಯಾಯವಾಗೇ ಇದೆ, ಎಲ್ರಿಗೂ ಒಂದೇ ನಂಬರ್, ಒಂದೇ ರೂಲು. ಒಂದು ವರ್ಷ ನಾವೇ ಗಾಡಿ ತಗೊಂಡು ಬೀದಿ ಬೀದಿ ಸುತ್ತಿ ಒಡೆದ ಕಲ್ಲು ಎಣಿಸಿದ್ವಿ, ಎಣಿಸಿದ ಮ್ಯಾಪನ್ನ ಫೋನ್ ಬಂದ ಮ್ಯಾಪ್ ಮೇಲೆ ಇಟ್ವಿ. ಒಂದಕ್ಕೊಂದು ಹೊಂದ್ಲೇ ಇಲ್ಲ. ಅತಿ ಹೆಚ್ಚು ಒಡೆದಿದ್ದು ಬ್ಲ್ಯಾಕ್ ಜನ ಇರೋ ಕಡೆ, ಅತಿ ಹೆಚ್ಚು ಫೋನ್ ಬಂದಿದ್ದು ಊರಿನ ಇನ್ನೊಂದು ತುದಿಯಿಂದ. ಒಬ್ರು ವಯಸ್ಸಾದ ಹೆಂಗಸು, ವಾಕರ್ ಹಿಡ್ಕೊಂಡು ಫುಟ್‌ಪಾತ್ ಬಿಟ್ಟು ರಸ್ತೆ ಮೇಲೇ ನಡೀತಿದ್ರು, ಯಾಕಮ್ಮ ಫೋನ್ ಮಾಡ್ಲಿಲ್ಲ ಅಂದ್ರೆ, ವರ್ಷಗಟ್ಟಲೆ ಮಾಡಿದೆ, ಯಾರೂ ಬರ್ಲಿಲ್ಲ, ಆಮೇಲೆ ಬಿಟ್ಬಿಟ್ಟೆ ಅಂದ್ರು. ನಮ್ಮ ಲಿಸ್ಟಲ್ಲಿ ಆ ಬೀದಿ "ಸಮಸ್ಯೆ ಇಲ್ಲ" ಅಂತ ಇತ್ತು. ಆಫೀಸಲ್ಲಿ ಯಾರೂ ಆ ಹೆಂಗಸಿನ ಮೇಲೆ ದ್ವೇಷ ಇಟ್ಕೊಂಡಿರ್ಲಿಲ್ಲ, ಆದ್ರೂ ಅವರು ರಸ್ತೆ ಮೇಲೆ ನಡೀತಿದ್ರು. ಸ್ಟ್ರಕ್ಚರಲ್ ಅಂದ್ರೆ ಏನು ಅಂತ ನನಗೆ ಅರ್ಥ ಆಗಿದ್ದು ಆವತ್ತು, ಅದಕ್ಕೆ ಮುಂಚೆ ಎಷ್ಟು ಟ್ರೈನಿಂಗಲ್ಲಿ ಕೂತಿದ್ರೂ ಅದು ಬರೀ ಪದ.

ದೊಡ್ಡ ಮಟ್ಟದಲ್ಲಿ ನೋಡ್ಬೇಕು ಅಂದ್ರೆ ಮಿಸ್ಸೌರಿ ರಾಜ್ಯದ ಫರ್ಗುಸನ್ ಅನ್ನೋ ಊರಿನ ಪೊಲೀಸರ ಬಗ್ಗೆ ಜಸ್ಟಿಸ್ ಡಿಪಾರ್ಟ್‌ಮೆಂಟ್ 2015ರಲ್ಲಿ ಕೊಟ್ಟ ರಿಪೋರ್ಟ್ ಓದಿ. ಊರಿನ ಜನಸಂಖ್ಯೇಲಿ ಬ್ಲ್ಯಾಕ್ ಜನ 67%, ಪೊಲೀಸರು ಅರೆಸ್ಟ್ ಮಾಡಿದವರಲ್ಲಿ 93%. ಪೊಲೀಸರ ಮನಸ್ಸಲ್ಲಿ ಇದ್ದಿದ್ದನ್ನೂ ಅವರು ಬರೆದಿದಾರೆ, ಜೊತೆಗೆ ತೋರಿಸಿದ ಇನ್ನೊಂದು ವಿಷಯ ಅಂದ್ರೆ ಸಿಟಿ ಬಜೆಟ್ಟೇ ದಂಡದ ದುಡ್ಡಿನ ಮೇಲೆ ನಿಂತಿತ್ತು, ವಸೂಲಿ ಜಾಸ್ತಿ ಮಾಡಿ ಅಂತ ಮೇಲಿಂದ ಒತ್ತಡ ಇತ್ತು, ಆ ಒತ್ತಡ ಯಾರ ತಲೆ ಮೇಲೆ ಬಿತ್ತು ಅಂತ ಅಂಕಿ ಹೇಳುತ್ತೆ.

ಈಗ ನಿಮ್ಮ ಗಿಫ್ಟೆಡ್ ವಿಷಯ. ಇದಕ್ಕೆ ನೇರ ಉದಾಹರಣೆ ಇದೆ, ಫ್ಲೋರಿಡಾದ ಬ್ರೋವರ್ಡ್ ಕೌಂಟಿ. ಅಲ್ಲೂ ಮೊದಲು ಟೀಚರ್ ಅಥವಾ ಪೇರೆಂಟ್ ಹೇಳಿದ್ರೆ ಮಾತ್ರ ಟೆಸ್ಟ್. 2005ರಲ್ಲಿ ಸೆಕೆಂಡ್ ಗ್ರೇಡಿನ ಪ್ರತಿಯೊಂದು ಮಗೂಗೂ ಒಂದು ಚಿಕ್ಕ ಸ್ಕ್ರೀನಿಂಗ್ ಟೆಸ್ಟ್ ಕೊಡೋಕೆ ಶುರು ಮಾಡಿದ್ರು, ಕಟಾಫ್ ಒಂದು ಅಂಕನೂ ಇಳಿಸ್ಲಿಲ್ಲ. ಬ್ಲ್ಯಾಕ್, ಹಿಸ್ಪಾನಿಕ್, ಬಡ ಮನೆ ಮಕ್ಕಳು ಸೆಲೆಕ್ಟ್ ಆಗೋದು ತುಂಬಾ ಜಾಸ್ತಿ ಆಯ್ತು. ಅಂದ್ರೆ ಆ ಮಕ್ಕಳು ಮೊದಲಿಂದ್ಲೂ ಅಲ್ಲೇ ಕೂತಿದ್ರು, ಯಾರೂ ನೋಡಿರ್ಲಿಲ್ಲ ಅಷ್ಟೇ. ಆಮೇಲೆ ಬಜೆಟ್ ಇಲ್ಲ ಅಂತ ಅದನ್ನ ನಿಲ್ಲಿಸಿದಾಗ ಅಂತರ ಮತ್ತೆ ವಾಪಸ್ ಬಂತು, ಇದು ನನಗೆ ತುಂಬಾ ಬೇಜಾರಾದ ಭಾಗ. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಅನ್ನೋ ಅರ್ಥಶಾಸ್ತ್ರಜ್ಞರು ಇದನ್ನ ಸ್ಟಡಿ ಮಾಡಿ 2016ರಲ್ಲಿ ಪ್ರಕಟಿಸಿದಾರೆ, ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು, ಹಾಗಾಗಿ ಮೀಟಿಂಗಲ್ಲಿ ಯಾರೂ ಇದನ್ನ ಹಗುರವಾಗಿ ತಳ್ಳಿಹಾಕೋಕೆ ಆಗಲ್ಲ.

ನೀವು ಆ ಮೇಡಂ ಹೆಸರೇ ಎತ್ಬೇಡಿ. ಲೆಕ್ಕ ಕೇಳಿ. ಹೋದ ವರ್ಷ ಟೆಸ್ಟಿಗೆ ಹೆಸರು ಹೋದ ಮಕ್ಕಳು ಎಷ್ಟು, ಅದರಲ್ಲಿ ಟೀಚರ್ ಕಳಿಸಿದ್ದು ಎಷ್ಟು, ಪೇರೆಂಟ್ ಕೇಳಿದ್ದು ಎಷ್ಟು, ಟೆಸ್ಟ್ ಬರೆದವರು ಎಷ್ಟು, ಪಾಸಾದವರು ಎಷ್ಟು, ಪ್ರತಿ ಹಂತದಲ್ಲೂ ರೇಸ್ ಪ್ರಕಾರ. ಸೋರಿಕೆ ಎಲ್ಲಿ ಅಂತ ಅದೇ ತೋರಿಸುತ್ತೆ. ಕೊಡಲ್ಲ ಅಂದ್ರೆ ಪ್ರತಿ ರಾಜ್ಯದಲ್ಲೂ ಪಬ್ಲಿಕ್ ರೆಕಾರ್ಡ್ಸ್ ಕಾನೂನು ಇದೆ, ನಮ್ಮ ಆರ್‌ಟಿಐ ಥರಾನೇ, ಬರೆದು ಕೇಳಿ. ಫೆಡರಲ್ ಸರ್ಕಾರ 1968ರಿಂದ ಸಿವಿಲ್ ರೈಟ್ಸ್ ಡೇಟಾ ಸಂಗ್ರಹ ಮಾಡ್ತಿದೆ, ಸ್ಕೂಲ್ ಸ್ಕೂಲಿನ ಅಂಕಿ ಆನ್‌ಲೈನಲ್ಲಿ ಸಿಗುತ್ತೆ, ಗಿಫ್ಟೆಡ್ ಎಷ್ಟು ಜನ, ಸಸ್ಪೆಂಡ್ ಆದವರು ಎಷ್ಟು ಜನ ಎಲ್ಲಾ. ಸಸ್ಪೆನ್ಶನ್ ಕಾಲಮ್ಮೂ ನೋಡಿ, ಸಾಮಾನ್ಯವಾಗಿ ಅಲ್ಲಿ ಚಿತ್ರ ತಿರುಗಾ ಮುರುಗಾ ಇರುತ್ತೆ.

ಇಬ್ಬರು ಮಕ್ಕಳ ಅಪ್ಪ:

ನನ್ನ ಮಾತು ಯಾರಿಗೂ ಹಿಡಿಸ್ದೇ ಇರ್ಬಹುದು, ಆದ್ರೂ ಮನಸ್ಸಲ್ಲಿರೋದು ಹೇಳ್ತೀನಿ. ಅಳದೇ ಇದ್ರೆ ತಾಯೀನೂ ಹಾಲು ಕೊಡಲ್ಲ ಅಂತ ನಮ್ಮ ಕಡೆ ಮಾತಿದೆ. ನಾವು ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದ್ವಿ, ನಮಗೂ ಯಾರೂ ಏನೂ ಹೇಳ್ಕೊಡ್ಲಿಲ್ಲ, ನಾವೇ ಓಡಾಡಿ ವಿಚಾರಿಸಿ ತಿಳ್ಕೊಂಡ್ವಿ. ರಾತ್ರಿ ಹನ್ನೊಂದರ ತನಕ ಮಕ್ಕಳ ಜೊತೆ ಕೂತು ಲೆಕ್ಕ ಮಾಡಿಸ್ತೀವಿ. ಅದನ್ನೆಲ್ಲಾ ಬಿಟ್ಟು ನಿಮಗೆ ಸಿಕ್ಕಿದ್ದು ವ್ಯವಸ್ಥೆ ಕೊಟ್ಟಿದ್ದು ಅಂದ್ರೆ ಹೊಟ್ಟೆ ಉರಿಯುತ್ತೆ. ಕೆಲವು ಊರುಗಳಲ್ಲಿ ಗಿಫ್ಟೆಡ್ ಪ್ರೋಗ್ರಾಮನ್ನೇ ತೆಗೆದು ಹಾಕ್ಬೇಕು ಅಂತ ಮಾತು ಬಂದಾಗ ಪೆಟ್ಟು ಬೀಳೋದು ನಮ್ಮ ಮಕ್ಕಳಿಗೇ ಅಲ್ವಾ? ನಮ್ಮನ್ನೂ ಏರ್‌ಪೋರ್ಟಲ್ಲಿ ಪಕ್ಕಕ್ಕೆ ನಿಲ್ಲಿಸ್ತಾರೆ, ನಾವೂ ರೇಸಿಸಂ ಅನುಭವಿಸಿದೀವಿ, ಅದಕ್ಕೆ ಯಾರು ಮೀಟಿಂಗ್ ಕರೆದ್ರು?

ನಿವೃತ್ತ ಟೀಚರ್:

ಅಪ್ಪಾಜಿ, ನಿಮ್ಮ ಕಷ್ಟ ಸುಳ್ಳು ಅಂತ ಇಲ್ಲಿ ಯಾರೂ ಹೇಳ್ತಿಲ್ಲ. ನಾನು ಇಲ್ಲಿನ ಪಬ್ಲಿಕ್ ಸ್ಕೂಲಲ್ಲಿ 22 ವರ್ಷ ಪಾಠ ಮಾಡಿ ರಿಟೈರ್ ಆಗಿದೀನಿ, ನಿಮ್ಮ ಥರ ರಾತ್ರಿ ಕೂತು ಹೇಳ್ಕೊಡೋ ಅಪ್ಪಂದಿರನ್ನ ತುಂಬಾ ನೋಡಿದೀನಿ, ಅಭಿಮಾನನೂ ಇದೆ. ಆದ್ರೆ ತುಂಗಾತೀರ ಬರೆದಿದ್ದನ್ನ ಇನ್ನೊಂದ್ಸಲ ಓದಿ. ಆ ತಾಯಿ ಅತ್ತಿದಾಳೆ. ಕೌಂಟರ್ ಮುಂದೆ ನಿಂತು ಬಾಯ್ಬಿಟ್ಟು ಕೇಳಿದಾಳೆ. ಅತ್ತವಳಿಗೆ ಸಿಗ್ಲಿಲ್ಲ, ಅಳದವಳ ಕೈಗೆ ಬಂತು. ನಿಮ್ಮ ಗಾದೆ ಅಲ್ಲಿ ಕೆಲಸ ಮಾಡ್ಲಿಲ್ಲ.

ಎರಡು ಸೂಟ್‌ಕೇಸ್ ವಿಷಯನೂ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ, ನಾನೂ ಹಾಗೇ ಬಂದವಳು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಲ್ಲಿ ಸುಪ್ರೀಂ ಕೋರ್ಟ್, ಭಾರತೀಯರು "ವೈಟ್" ಅಲ್ಲ, ಹಾಗಾಗಿ ಸಿಟಿಜನ್ ಆಗೋಕೆ ಆಗಲ್ಲ ಅಂತು. ಥಿಂಡ್ ಅಮೆರಿಕ ಸೈನ್ಯದಲ್ಲಿ ಇದ್ದವರು! ಸಿಟಿಜನ್‌ಶಿಪ್ ಸಿಕ್ಕಿದ್ದ ಕೆಲವು ಭಾರತೀಯರದ್ದನ್ನೂ ವಾಪಸ್ ಕಿತ್ಕೊಂಡ್ರು. 1946ರಲ್ಲಿ ಬಾಗಿಲು ತೆರೆದಾಗ ವರ್ಷಕ್ಕೆ 100 ಜನ ಅಂತ ಕೋಟಾ. ನಮ್ಮಂಥವರು ಸಾವಿರಗಟ್ಟಲೆ ಬರೋ ಹಾಗಾಗಿದ್ದು 1965ರ ಇಮಿಗ್ರೇಶನ್ ಕಾನೂನಿಂದ, ಅದು ಬಂದಿದ್ದು ಸಿವಿಲ್ ರೈಟ್ಸ್ ಆಕ್ಟ್ ಆದ ಮರು ವರ್ಷ, ವೋಟಿಂಗ್ ರೈಟ್ಸ್ ಆಕ್ಟ್ ಆದ ವರ್ಷವೇ. ಬ್ಲ್ಯಾಕ್ ಜನ ಬೀದೀಲಿ ಲಾಠಿ ತಿಂದು, ಜೈಲಿಗೆ ಹೋಗಿ ದೇಶದ ಮನಸ್ಸನ್ನ ತಿರುಗಿಸಿದ ಕಾಲದಲ್ಲಿ. ನಾವು ಬಂದ ಬಾಗಿಲ ಹಿಂದೆ ಅವರ ಕೈ ಇದೆ. ಜೊತೆಗೆ ನಮ್ಮ ಸೂಟ್‌ಕೇಸಲ್ಲಿ ಡಿಗ್ರಿ ಇತ್ತು, ಡಿಗ್ರಿ ಇದ್ದವರನ್ನೇ ಆರಿಸಿ ವೀಸಾ ಕೊಟ್ರು.

ಅದಕ್ಕೆ ಮುಂಚೆಯೇ ಬ್ಲ್ಯಾಕ್ ಜನರ ಮನೆ ಹತ್ರ ಏನಾಗಿತ್ತು? 1930ರ ದಶಕದಲ್ಲಿ ಸರ್ಕಾರದ ಸಂಸ್ಥೆಯೇ ಊರೂರಿನ ಮ್ಯಾಪ್ ಮಾಡಿ ಬ್ಲ್ಯಾಕ್ ಜನ ಇರೋ ಏರಿಯಾಗಳಿಗೆ ಕೆಂಪು ಬಣ್ಣ ಹಚ್ಚಿತ್ತು, ಇಲ್ಲಿ ಸಾಲ ಅಪಾಯ ಅಂತ. ಮನೆ ಸಾಲದಲ್ಲಿ ಭೇದ ಮಾಡ್ಬಾರ್ದು ಅನ್ನೋ ಫೇರ್ ಹೌಸಿಂಗ್ ಕಾನೂನು ಬಂದಿದ್ದು 1968ರಲ್ಲಿ. ಅಷ್ಟೊತ್ತಿಗೆ ಒಂದು ತಲೆಮಾರು ಮನೆ ಕಟ್ಟಿ, ಬೆಲೆ ಏರಿಸ್ಕೊಂಡು, ಮಕ್ಕಳಿಗೆ ಬಿಟ್ಟು ಹೋಗಿತ್ತು, ಇನ್ನೊಂದು ಬಾಡಿಗೇಲೇ ಕಳೆದಿತ್ತು. ಸ್ಕೂಲಿಗೆ ದುಡ್ಡಿನ ದೊಡ್ಡ ಪಾಲು ಬರೋದು ಪ್ರಾಪರ್ಟಿ ಟ್ಯಾಕ್ಸಿಂದ, ಮನೆ ಬೆಲೆ ಕಮ್ಮಿ ಅಂದ್ರೆ ಸ್ಕೂಲೂ ಸೊರಗುತ್ತೆ. ಆಮೇಲೆ 1974ರಲ್ಲಿ ಡೆಟ್ರಾಯ್ಟಿನ ಮಿಲ್ಲಿಕನ್ ಕೇಸಲ್ಲಿ, ಸಿಟಿ ಸ್ಕೂಲಿನ ಬ್ಲ್ಯಾಕ್-ವೈಟ್ ಬೇರ್ಪಡಿಕೆ ಸರಿ ಮಾಡೋಕೆ ಅಂತ ಸುತ್ತಲಿನ ಸಬರ್ಬ್ ಸ್ಕೂಲುಗಳನ್ನ ಸೇರಿಸೋ ಹಾಗಿಲ್ಲ, ಅವರ ತಪ್ಪು ಇದೆ ಅಂತ ತೋರಿಸದ ಹೊರತು, ಅಂತ ಕೋರ್ಟ್ ಹೇಳ್ತು. ನಾವು ಮನೆ ಹುಡುಕೋವಾಗ ಮೊದಲು ಏನು ನೋಡ್ತೀವಿ? ಸ್ಕೂಲ್ ರೇಟಿಂಗ್. "ಆ ಏರಿಯಾ ಅಷ್ಟು ಸರಿಯಿಲ್ವಂತೆ" ಅಂತೀವಿ, ಯಾಕೆ ಸರಿಯಿಲ್ಲ ಅಂತ ಯಾರೂ ಕೇಳಲ್ಲ, ಎಲ್ರಿಗೂ ಅರ್ಥ ಆಗಿರುತ್ತೆ. ಆ ಹಳೇ ಮ್ಯಾಪನ್ನ ಗೊತ್ತಿಲ್ದೇ ನಾವೇ ಮತ್ತೆ ಬರೀತಿದೀವಿ.

ಟೀಚರ್ ರೆಕಮೆಂಡೇಶನ್ ಬಗ್ಗೆ ಒಳಗಿಂದ ಹೇಳ್ತೀನಿ, ನಾನೂ ಆ ತಪ್ಪು ಮಾಡಿದೀನಿ. ಪ್ರತಿ ವರ್ಷ ಹೆಸರು ಬರೀರಿ ಅಂತ ಪಟ್ಟಿ ಬರ್ತಿತ್ತು. ನನ್ನ ಕಣ್ಮುಂದೆ ಬರ್ತಿದ್ದಿದ್ದು ಕೈಯೆತ್ತಿ ನೀಟಾಗಿ ಉತ್ತರ ಹೇಳೋ ಮಕ್ಕಳು. ಒಬ್ಬ ಬ್ಲ್ಯಾಕ್ ಹುಡುಗ ಇದ್ದ, ನಾನು ಬೋರ್ಡಲ್ಲಿ ಲೆಕ್ಕ ಮುಗಿಸೋ ಮೊದಲೇ ಉತ್ತರ ಕೂಗ್ತಿದ್ದ, ಆಮೇಲೆ ಬೆಂಚ್ ಕುಟ್ತಾ ಕೂರ್ತಿದ್ದ. ನಾನು ಅವನ ಹೆಸರಿನ ಮುಂದೆ ಬರೆದಿದ್ದು "ಶಿಸ್ತು ಕಮ್ಮಿ". ಅದೇ ಕೆಲಸ ಇನ್ನೊಂದು ಮಗು ಮಾಡಿದ್ರೆ "ತುಂಬಾ ಚುರುಕು" ಅಂತ ಬರೀತಿದ್ದೆ, ಬರೆದೂ ಇದೀನಿ. ಇದು ನನಗೆ ಗೊತ್ತಾಗಿದ್ದು ಮೂರು ವರ್ಷ ಆದ ಮೇಲೆ, ಇನ್ನೊಬ್ರು ಟೀಚರ್ ಅವನನ್ನ ಟೆಸ್ಟಿಗೆ ಕಳಿಸಿ ಅವನು ಸುಲಭವಾಗಿ ಪಾಸ್ ಆದಾಗ. ಅವರು ಬ್ಲ್ಯಾಕ್ ಟೀಚರ್. ಮಾರ್ಕ್ಸ್ ಒಂದೇ ಇದ್ರೂ ಬ್ಲ್ಯಾಕ್ ಮಕ್ಕಳು ಗಿಫ್ಟೆಡ್‌ಗೆ ಹೋಗೋದು ಕಮ್ಮಿ, ಟೀಚರ್ ಬ್ಲ್ಯಾಕ್ ಆಗಿದ್ರೆ ಅಂತರ ಕಮ್ಮಿ ಆಗುತ್ತೆ ಅಂತ ಸ್ಟಡಿ ಆಗಿದೆ. ಅಂಥ ಟೀಚರ್‌ಗಳು ಯಾಕೆ ಇಷ್ಟು ಕಮ್ಮಿ ಅನ್ನೋದಕ್ಕೂ ಇತಿಹಾಸ ಇದೆ, ಬ್ಲ್ಯಾಕ್, ವೈಟ್ ಮಕ್ಕಳಿಗೆ ಬೇರೆ ಬೇರೆ ಸ್ಕೂಲ್ ಕೂಡದು ಅಂದ 1954ರ ಬ್ರೌನ್ ತೀರ್ಪಾದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಬ್ಲ್ಯಾಕ್ ಸ್ಕೂಲುಗಳನ್ನ ಮುಚ್ಚಿ ಮಕ್ಕಳನ್ನ ವೈಟ್ ಸ್ಕೂಲಿಗೆ ಸೇರಿಸಿದ್ರು, ಟೀಚರ್‌ಗಳನ್ನ ಸೇರಿಸ್ಕೊಳ್ಲಿಲ್ಲ, ಸಾವಿರಾರು ಜನ ಕೆಲಸ ಕಳ್ಕೊಂಡ್ರು.

ಕೊನೇದಾಗಿ, ಮನೇಲಿ ನಾವು ಆಡೋ ಮಾತು. "ಕರಿಯರು" ಅಂತ ಮಕ್ಕಳ ಮುಂದೇನೇ ಅಂತೀವಿ, ಕನ್ನಡದಲ್ಲಿ ಅಂದ್ರೆ ಯಾರಿಗೂ ತಿಳಿಯಲ್ಲ ಅಂತ. ಮಕ್ಕಳಿಗೆ ತಿಳಿಯುತ್ತೆ.

ಇಲ್ಲೇ ಹುಟ್ಟಿದವಳು:

ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಾನು ಆ ಥರ ಕ್ಲಾಸಲ್ಲೇ ಓದಿದವಳು. ಫಸ್ಟ್ ಗ್ರೇಡಲ್ಲಿ ನನ್ನ ಬೆಸ್ಟ್ ಫ್ರೆಂಡ್ ಲ್ಯಾಟಿನೋ ಹುಡುಗಿ, ಇಬ್ರೂ ಒಂದೇ ರೀಡಿಂಗ್ ಗ್ರೂಪು, ಒಂದೇ ಪುಸ್ತಕ. ನಾಲ್ಕನೇ ಕ್ಲಾಸಿಗೆ ನಾನು ಆ ಕಡೆ ರೂಮಿಗೆ ಹೋದೆ, ಅವಳು ಈ ಕಡೆ ಉಳಿದ್ಳು. ಮಿಡಲ್ ಸ್ಕೂಲಲ್ಲಿ ಅಡ್ವಾನ್ಸ್ಡ್ ಮ್ಯಾಥ್ಸ್ ಯಾರಿಗೆ ಅನ್ನೋದು ಆ ಲಿಸ್ಟಿಂದ್ಲೇ, ಹೈಸ್ಕೂಲಲ್ಲಿ ಎಪಿ ಕ್ಲಾಸ್ (ಕಾಲೇಜ್ ಮಟ್ಟದ ಪಾಠ) ಆ ಮ್ಯಾಥ್ಸಿಂದ್ಲೇ. ಏಳು ವರ್ಷದ ಮಗು ಇದ್ದಾಗಿನ ಒಂದು ಹಾಳೆ ಹದಿನೆಂಟರ ತನಕ ಬರುತ್ತೆ. ಅವಳಮ್ಮನಿಗೆ ಬಂದ ನೋಟಿಸ್ ಇಂಗ್ಲಿಷಲ್ಲಿ ಇತ್ತು, ಅವಳೇ ಓದಿ ಹೇಳ್ಬೇಕಿತ್ತು, ಅವಳಿಗೆ ಆಗ ಏಳು ವರ್ಷ.

ತುಂಗಾತೀರ ಆಂಟಿ, ಭಾಷೆ ವಿಷಯನೂ ಕೇಳಿ. 1964ರ ಸಿವಿಲ್ ರೈಟ್ಸ್ ಆಕ್ಟ್ ಟೈಟಲ್ 6 ಪ್ರಕಾರ ಫೆಡರಲ್ ದುಡ್ಡು ತಗೊಳೋ ಸ್ಕೂಲು ರೇಸ್, ಬಣ್ಣ, ಮೂಲ ದೇಶ ನೋಡಿ ಭೇದ ಮಾಡೋ ಹಾಗಿಲ್ಲ, ಅದರ ಮೇಲೇ 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಇಂಗ್ಲಿಷ್ ಬರದ ಚೈನೀಸ್ ಮಕ್ಕಳು ಗೆದ್ದಿದ್ದು, ಲಾವ್ ಕೇಸು. ಮತ್ತೆ ಮೀಟಿಂಗ್ ಎಷ್ಟು ಗಂಟೆಗೆ ಅಂತ ನೋಡಿ. ಮಧ್ಯಾಹ್ನ ಮೂರಕ್ಕೆ ಇಟ್ರೆ ಯಾರು ಬರ್ತಾರೆ ಅಂತ ಮೊದಲೇ ಫಿಕ್ಸ್ ಆಗಿರುತ್ತೆ.

ಇಬ್ಬರು ಮಕ್ಕಳ ಅಪ್ಪ:

ಟೀಚರಮ್ಮ, 1965ರ ವಿಷಯ ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಎಲ್ಲಾ ಒಪ್ತೀನಿ ಅಂತಲ್ಲ, ಸೀಟಿನ ಭಯ ಇನ್ನೂ ಇದೆ. ಆದ್ರೆ ಕಟಾಫ್ ಇಳಿಸ್ದೇ ಎಲ್ಲಾ ಮಕ್ಕಳಿಗೂ ಟೆಸ್ಟ್ ಕೊಡಿ ಅನ್ನೋದಕ್ಕೆ ನನ್ನ ವಿರೋಧ ಇಲ್ಲ, ಅದಕ್ಕೆ ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ.

ರಸ್ತೆ ಇಲಾಖೆಯವನು:

ಸರ್, ಸೀಟಿನ ಭಯಕ್ಕೂ ಉತ್ತರ ಇದೆ. ಜಾಸ್ತಿ ಮಕ್ಕಳು ಪಾಸಾದ್ರೆ ಇನ್ನೊಂದು ಸೆಕ್ಷನ್ ತೆಗೀರಿ ಅಂತ ಕೇಳೋಣ, ಆ ಬೇಡಿಕೇಲಿ ನಿಮ್ಮ ಮಕ್ಕಳೂ ಇರ್ತಾರೆ, ಅವರ ಮಕ್ಕಳೂ ಇರ್ತಾರೆ. ನಮ್ಮ ಮಕ್ಕಳ ನಡುವೆ ಜಗಳ ಹಚ್ಚೋ ಬದಲು ಬಜೆಟ್ ಮೀಟಿಂಗಿಗೆ ಎರಡೂ ಕಡೆಯವರು ಒಟ್ಟಿಗೆ ಹೋದ್ರೆ ಬೋರ್ಡಿನವರು ಕೇಳ್ಲೇಬೇಕಾಗುತ್ತೆ. ಮತ್ತೆ ಮೇಡಂ, ರೇಸಿಸಂ ಅನ್ನೋ ಪದ ಎತ್ತೋದು ಹೇಗೆ ಅಂತ ಕೇಳಿದ್ರಲ್ಲ, ಲೆಕ್ಕ ಮುಂದಿಟ್ಟ ಮೇಲೆ ಬಳಸಿ. ಕೊನೇವರೆಗೂ ಆ ಪದ ಬಾಯಿಗೆ ಬರ್ಲೇ ಇಲ್ಲ ಅಂದ್ರೆ ಅವರು ಒಂದು ಪೋಸ್ಟರ್ ಅಂಟಿಸಿ, ಫಾರ್ಮ್ ಬಣ್ಣ ಬದಲಾಯಿಸಿ ಮುಗಿಸ್ಬಿಡ್ತಾರೆ.

ತುಂಗಾತೀರ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಟೀಚರಮ್ಮ ಬರೆದಿದ್ದನ್ನ ನಮ್ಮನೆಯವರಿಗೂ ಓದಿ ಹೇಳಿದೆ. ಎರಡು ವಾರದಲ್ಲಿ ಆಗಿದ್ದು ಹೇಳ್ತೀನಿ. ಪ್ರಿನ್ಸಿಪಾಲರಿಗೆ ಈಮೇಲ್ ಮಾಡಿ ರಸ್ತೆ ಇಲಾಖೆ ಸರ್ ಹೇಳಿದ ಲೆಕ್ಕ ಕೇಳಿದೆ. ಮೊದಲು ಬಂದ ಉತ್ತರ, ಹಾಗೆ ನಾವು ಇಟ್ಕೊಂಡಿಲ್ಲ. ಡಿಸ್ಟ್ರಿಕ್ಟ್ ಆಫೀಸಿಗೆ ರೆಕಾರ್ಡ್ಸ್ ರಿಕ್ವೆಸ್ಟ್ ಹಾಕಿದ ಮೇಲೆ ಒಂದು ಶೀಟ್ ಬಂತು. ಟೆಸ್ಟ್ ಬರೆದ ಮೇಲೆ ಪಾಸಾಗೋದ್ರಲ್ಲಿ ಅಂಥಾ ದೊಡ್ಡ ವ್ಯತ್ಯಾಸ ಇಲ್ಲ, ವ್ಯತ್ಯಾಸ ಪೂರ್ತಿ ಇರೋದು ಟೆಸ್ಟಿಗೆ ಹೆಸರು ಹೋಗೋದ್ರಲ್ಲಿ. ಪೇರೆಂಟ್ ರಿಕ್ವೆಸ್ಟ್ ಅನ್ನೋ ಕಾಲಮ್ಮಲ್ಲಿ ಬ್ಲ್ಯಾಕ್ ಮಕ್ಕಳ ಜಾಗದಲ್ಲಿ ಸೊನ್ನೆ ಇದೆ. ಅವತ್ತು ನನ್ನ ಮುಂದೆ ನಿಂತು ಕೇಳಿದ ಆ ತಾಯಿ ಯಾವ ಕಾಲಮ್ಮಲ್ಲೂ ಇಲ್ಲ.

ಅವರು ಯಾರು ಅಂತ ಬಸ್ ಲೈನಲ್ಲಿ ಹುಡುಕಿದೆ, ಸಿಕ್ಕಿದ್ರು. ಹೇಗೆ ಶುರು ಮಾಡೋದು ಅಂತ ಗೊತ್ತಾಗ್ದೇ ಇದ್ದದ್ದು ಇದ್ದ ಹಾಗೆ ಹೇಳ್ಬಿಟ್ಟೆ, ಅವತ್ತು ನಿಮ್ಮ ಹಿಂದೆ ನಾನಿದ್ದೆ, ನೀವು ಹೋದ ಮೇಲೆ ಹೀಗಾಯ್ತು, ನಾನು ಆವಾಗ್ಲೇ ಓಡಿ ಬಂದು ಹೇಳ್ಬೇಕಿತ್ತು, ಹೇಳ್ಲಿಲ್ಲ ಅಂತ. ಅವರು ಒಂದು ನಿಮಿಷ ಏನೂ ಮಾತಾಡ್ಲಿಲ್ಲ. ಆಮೇಲೆ ಅಂದ್ರು, ನನಗೆ ಆ ಡ್ರಾಯರ್ ಇದೆ ಅಂತ ಗೊತ್ತಿತ್ತು, ಅದರಲ್ಲಿ ಏನಿದೆ ಅಂತ ಮಾತ್ರ ಗೊತ್ತಿರ್ಲಿಲ್ಲ. ಅವರ ತಂಗೀನೂ ಅದೇ ಸ್ಕೂಲಲ್ಲಿ ಓದಿದ್ದಂತೆ, ಅವರಮ್ಮನೂ ಕೇಳಿದ್ರಂತೆ.

ನಿಮ್ಮ ಪರವಾಗಿ ನಾನು ಮೀಟಿಂಗಲ್ಲಿ ಮಾತಾಡ್ತೀನಿ ಅಂದೆ. ಬೇಡ, ನಾನೇ ಮಾತಾಡ್ತೀನಿ, ನೀವು ಆ ಶೀಟ್ ಓದಿ ಅಂದ್ರು. ಮೀಟಿಂಗನ್ನ ಸಾಯಂಕಾಲ ಏಳಕ್ಕೆ ಹಾಕಿಸಿದೀನಿ, ಅವತ್ತು ಅವರಿಗೆ ಶಿಫ್ಟ್ ಇಲ್ಲ. ವಾಟ್ಸಾಪ್ ಗ್ರೂಪಿಂದ ಇಬ್ರು ಬರ್ತೀನಿ ಅಂದಿದಾರೆ, ಅವರ ಪಕ್ಕದಲ್ಲೇ ಕೂರ್ತೀವಿ. ಮಂಗಳವಾರ ರಾತ್ರಿ ಏನಾಯ್ತು ಅಂತ ಇಲ್ಲೇ ಬರೀತೀನಿ.